ತಂಬಿಗೆಯ ನೀರು

ಎಂಟು ತಿಂಗಳಿಂದ ನಾನು ಹಲ್ಲುಜ್ಜಿದ ಮೇಲೆ ಬಾಯಿ ಮುಕ್ಕಳಿಸುತ್ತಿಲ್ಲ. ನೊರೆ ಉಗುಳುತ್ತೇನೆ, ಉಳಿದದ್ದನ್ನು ಇನ್ನೊಮ್ಮೆ ಉಗುಳುತ್ತೇನೆ, ತುಟಿಯಂಚನ್ನು ಟವೆಲ್ಲಿಗೆ ಒತ್ತಿಕೊಂಡು ಬಚ್ಚಲಿನಿಂದ ಹೊರಗೆ ಬರುತ್ತೇನೆ. ಕೇಳಿದರೆ ಬಲು ಸಣ್ಣ ವಿಷಯ. ಆದರೆ ನನ್ನ ಬಲಗೈ ಇದನ್ನು ಇನ್ನೂ ಒಪ್ಪಿಕೊಂಡಿಲ್ಲ. ಉಗುಳಿ ತಲೆ ಎತ್ತುವಷ್ಟರಲ್ಲಿ ಅದು ತಂಬಿಗೆಯ ಕೊರಳಿಗೆ ಹೋಗಿರುತ್ತದೆ, ಬಾಯಿಯೂ ಅರ್ಧ ತೆರೆದಿರುತ್ತದೆ. ಆಗ ನೆನಪಾಗಿ ತಂಬಿಗೆಯನ್ನು ಮೆಲ್ಲಗೆ ಕೆಳಗಿಡುತ್ತೇನೆ. ಆಮೇಲೆ ಹತ್ತು ನಿಮಿಷ ನಾಲಿಗೆಯ ಮೇಲೆ ಪುದೀನದ ಚುರುಕು, ಒಸಡಿನ ಸಂದಿಯಲ್ಲಿ ಏನೋ ಉಳಿದಂತೆ, ಮಾರಿ ತೊಳೆಯದೆ ಮಂದಿ ಮುಂದೆ ಬಂದಂತೆ ಒಂದು ಮುಜುಗರ. ಅರವತ್ತು ವರ್ಷದ ರೂಢಿ ಎಂಟು ತಿಂಗಳಿಗೆ ಎಲ್ಲಿ ಬಿಟ್ಟೀತು?

ನಮ್ಮದು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ, ಮೈಂದರ್ಗಿಯ ಕಡೆಗೆ. ನಕಾಶೆಯಲ್ಲಿ ಮಹಾರಾಷ್ಟ್ರ, ಒಲೆಯ ಮುಂದಿನ ಮಾತು ಕನ್ನಡ. ಬಚ್ಚಲ ಕಲ್ಲಿನ ಮೇಲೆ ರಾತ್ರಿಯೇ ತುಂಬಿಟ್ಟ ಹಿತ್ತಾಳೆ ತಂಬಿಗೆ ಇರುತ್ತಿತ್ತು. ಚಳಿಗಾಲದಲ್ಲಿ ಅದನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಅಜ್ಜಿ ಒಲೆಯ ಮುಂದೆ ಕೂತಲ್ಲಿಂದಲೇ ಕೂಗುತ್ತಿದ್ದಳು: "ಬಾಯಿ ಮುಕ್ಕಳಸ್ದೇನು? ಇನ್ನೂ ಎರಡು ಸಲ ಮುಕ್ಕಳಸು. ಮುಸುರಿ ಬಾಯಿಲೆ ಚಾ ಕುಡೀಬ್ಯಾಡ." ಓಣಿಯಲ್ಲಿ ಯಾರು ಎದ್ದಿದ್ದಾರೆ, ಯಾರು ಇನ್ನೂ ಮಲಗಿದ್ದಾರೆ ಎಂಬುದು ಈ ಸಪ್ಪಳದಿಂದಲೇ ತಿಳಿಯುತ್ತಿತ್ತು. ಎದುರು ಮನೆಯ ಮುದುಕರದು ದೀರ್ಘವಾದ ಗಳಗಳ, ನಡುನಡುವೆ ಶಿವನಾಮ. ಪಕ್ಕದ ಮನೆಯ ಹುಡುಗರದು ಯಾರು ದೂರ ಉಗುಳುತ್ತಾರೆಂಬ ಪೈಪೋಟಿ. ತಂಬಿಗೆ ಬರಿದಾಗುವ ತನಕ ಮುಕ್ಕಳಿಸಿದವನೇ ಶುಚಿಯಾದವನು. ಬಾಯಿಯನ್ನು ನೀರಿನಿಂದ ಖಾಲಿ ಮಾಡಿದ ಮೇಲೆಯೇ ದಿನ ಶುರು.

ಹಲ್ಲುಜ್ಜಲು ಎಲ್ಲವೂ ಇತ್ತು, ಪೇಸ್ಟ್ ಒಂದನ್ನು ಬಿಟ್ಟು. ಹೊಲಕ್ಕೆ ಹೋಗುವ ಗಂಡಸರಿಗೆ ಬೇವಿನ ಕಡ್ಡಿ, ಇಲ್ಲವೆ ಜಾಲಿಯದು. ಮನೆಯಲ್ಲಿ ಉಳಿದವರಿಗೆ ಕುಳ್ಳಿನ ಬೂದಿ, ಉಪ್ಪು ಬೆರೆಸಿದ ಇದ್ದಿಲ ಪುಡಿ. ಸೊಲ್ಲಾಪುರಕ್ಕೆ ಹೋದವರು ಮಂಗನ ಚಿತ್ರದ ಕರಿ ಪುಡಿ ತಂದರೆ ಅದು ಹಬ್ಬ. ಬಿಜಾಪುರದ ಕಡೆಯ ಬೀಗರು ಬರುವಾಗ ನಂಜನಗೂಡು ಹಲ್ಲುಪುಡಿಯ ಪೊಟ್ಟಣ ತರುತ್ತಿದ್ದರು. ಆ ಗುಲಾಬಿ ಪುಡಿ ಬಾಯಿಗಿಟ್ಟರೆ ಸಿಹಿ, ಖಾರ, ಲವಂಗದ ಘಮ ಒಟ್ಟಿಗೆ. ನಾವು ಮಕ್ಕಳು ಅರ್ಧ ಉಜ್ಜಿ ಅರ್ಧ ನುಂಗುತ್ತಿದ್ದೆವು.

ಅಜ್ಜಿಯದು ಬೇರೆಯೇ ಡಬ್ಬಿ. ಅದರಲ್ಲಿ ಮಿಸರಿ. ಮರಾಠಿಯವರು ಮಿಶ್ರಿ, ಮಶೇರಿ ಎನ್ನುತ್ತಾರೆ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗಾಗುವಂತೆ ಹುರಿದು, ಬಿಸಿ ಇರುವಾಗಲೇ ಅಂಗೈಯಲ್ಲಿ ಉಜ್ಜಿ ಪುಡಿ ಮಾಡುವುದು. ಅವಳು ಹುರಿಯುವ ದಿನ ಮನೆತುಂಬ ಸೀನು, ಕಣ್ಣಲ್ಲಿ ನೀರು. ಬಲಗೈಯ ತೋರುಬೆರಳಿನ ತುದಿ ಸದಾ ಕಪ್ಪು. ಮುಂಜಾನೆ ಒಮ್ಮೆ, ಊಟದ ಮೇಲೆ ಒಮ್ಮೆ, ಸಂಜೆ ಕಟ್ಟೆಗೆ ಕೂತಾಗ ಒಮ್ಮೆ, ಒಸಡಿಗೆ ತಿಕ್ಕುತ್ತ ಅರ್ಧ ತಾಸು ಮೌನವಾಗಿ ಕೂಡುತ್ತಿದ್ದಳು. ಅದು ಹಲ್ಲಿಗಾಗಿ ಅಲ್ಲ, ತಂಬಾಕಿನ ಚಟ ಎಂದು ಆಗ ನಮಗೆ ತಿಳಿದಿರಲಿಲ್ಲ, ಅವಳಿಗೂ ತಿಳಿದಿರಲಿಲ್ಲ. ಒಸಡು ಇಳಿಯಿತು, ಹಲ್ಲು ಅಲ್ಲಾಡಿದವು, ಒಂದೊಂದಾಗಿ ಕೈಗೆ ಬಂದವು. ಮಿಸರಿಯಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ. ಅವಳು ಅದರಿಂದ ಪಾರಾದದ್ದು ನಮ್ಮ ಪುಣ್ಯ. 1992ರಲ್ಲಿ ಕೇಂದ್ರ ಸರಕಾರ ಟೂತ್‌ಪೇಸ್ಟ್ ಮತ್ತು ಹಲ್ಲುಪುಡಿಗಳಲ್ಲಿ ತಂಬಾಕು ಬೆರೆಸುವುದನ್ನು ನಿಷೇಧಿಸಿತು. ಅಂಗಡಿಯ ಡಬ್ಬಿಗೆ ತಡೆ ಬಂತು, ಮನೆಯ ಹಂಚನ್ನು ಆ ಕಾನೂನು ಮುಟ್ಟಲಾರದು. ಇವತ್ತಿಗೂ ನಮ್ಮ ಕಡೆಯ ಹಳ್ಳಿಗಳಲ್ಲಿ ಮಿಸರಿ ಹುರಿಯುವ ವಾಸನೆ ಬಂದರೆ ನನಗೆ ಅಜ್ಜಿಯ ನೆನಪಿನ ಜೊತೆಗೇ ಕಳವಳವೂ ಬರುತ್ತದೆ.

ನಮ್ಮ ಕಡೆ ಹಲ್ಲು 'ಉಜ್ಜುವುದು' ಪುಸ್ತಕದ ಮಾತು. ಮನೆಯಲ್ಲಿ ಹಲ್ಲು 'ತಿಕ್ಕುವುದು'. ಭಾಂಡೆ ತಿಕ್ಕುತ್ತೇವೆ, ಎಮ್ಮೆಯ ಮೈ ತಿಕ್ಕುತ್ತೇವೆ, ಹಲ್ಲನ್ನೂ ತಿಕ್ಕುತ್ತೇವೆ. ಮಾತಿನಲ್ಲಿದ್ದದ್ದು ಕೈಗೂ ಬಂತು. ನಮ್ಮಪ್ಪ ಪುಡಿಯಿಂದ ಬ್ರಷ್ಷಿಗೆ ಬಂದಾಗ ಅಂಗಡಿಯಲ್ಲಿ ಎಲ್ಲಕ್ಕಿಂತ ಗಟ್ಟಿ ಕೂದಲಿನದನ್ನೇ ಆರಿಸಿದರು. ಗರಗಸ ಎಳೆದಂತೆ ಅಡ್ಡಡ್ಡ ಎಳೆಯುತ್ತಿದ್ದರು. ಅವರ ಕೊನೆಗಾಲದಲ್ಲಿ ಊಟ ಮಾಡಿಸುವಾಗ ನಾನು ಹತ್ತಿರದಿಂದ ನೋಡಿದ್ದೇನೆ: ಒಸಡು ಮತ್ತು ಹಲ್ಲು ಕೂಡುವ ಜಾಗದಲ್ಲಿ ಪ್ರತಿ ಹಲ್ಲಿಗೂ ಕೊಡಲಿಯಿಂದ ಕಚ್ಚು ಹೊಡೆದಂತೆ ಮೂಲೆಯಾದ ಒಂದೊಂದು ತಗ್ಗು. ಬಿಳಿ ಸವೆದು ಒಳಗಿನ ಹಳದಿ ಕಾಣುತ್ತಿತ್ತು. ತಣ್ಣೀರು ತಗುಲಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹುಳುಕು ಅವರ ಹಲ್ಲನ್ನು ಅಷ್ಟಾಗಿ ತಿಂದಿರಲಿಲ್ಲ. ಶ್ರದ್ಧೆಯಿಂದ ತಿಕ್ಕಿದ ಅವರ ಕೈಯೇ ತಿಂದಿತ್ತು.

ಕಳೆದ ಮಳೆಗಾಲದಲ್ಲಿ ನನಗೂ ಕೆಳಗಿನ ದವಡೆ ಹಲ್ಲು ನೋಯತೊಡಗಿತು. ಸೊಲ್ಲಾಪುರಕ್ಕೆ ಹೋದೆ. ದಂತವೈದ್ಯೆ ನನ್ನ ಮಗಳ ವಯಸ್ಸಿನವಳು. ಮರಾಠಿಯಲ್ಲಿ ಮಾತು ಶುರು ಮಾಡಿದವಳು ನನ್ನ ಊರು ಕೇಳಿದ್ದೇ ಕನ್ನಡಕ್ಕೆ ಹೊರಳಿದಳು. ಹುಳುಕು ಕೊರೆದು ತುಂಬಿ ಮುಗಿಸಿದ ಮೇಲೆ, ಸುಮ್ಮನೆ ಕಳಿಸದೆ, ಹೊಸ ಬ್ರಷ್ ಒಂದನ್ನು ಕೈಗಿಟ್ಟು "ದಿನಾ ಹೆಂಗ ತಿಕ್ತೀರಿ, ತೋರಸ್ರಿ" ಎಂದಳು. ನಾನು ಬ್ರಷ್ಷಿನ ಉದ್ದಕ್ಕೂ ಪೇಸ್ಟ್ ಹಚ್ಚಿ ತೋರಿಸಿದೆ. ಮುಗಿಸಿ ಲೋಟ ತುಂಬ ನೀರು ಹಿಡಿದು ಒಂದು ಸಲ ಮುಕ್ಕಳಿಸಿದೆ. ಎರಡನೆಯದು. ಮೂರನೆಯ ಸಲ ಲೋಟ ಎತ್ತಿದಾಗ ಅವಳು ನನ್ನ ಮುಂಗೈ ಹಿಡಿದಳು.

"ಸಾಕ್ರಿ ಕಾಕಾ. ಚೂಳ ಭರೂ ನಕಾ, ಮುಕ್ಕಳಸಬ್ಯಾಡ್ರಿ. ಔಷಧ ಎಲ್ಲಾ ಚೆಲ್ಲಿಬಿಟ್ರಿ."

ನನಗೆ ಅರ್ಥವಾಗಲಿಲ್ಲ. ಅವಳೇ ಕೇಳಿದಳು: "ಗಾಯಕ್ಕ ಮುಲಾಮು ಹಚ್ಚಿ ಕೂಡಲೇ ನೀರು ಹಾಕಿ ತೊಳೀತೀರೇನು?"

ಅವಳು ಅವತ್ತು ಹೇಳಿದ್ದನ್ನೂ ಆಮೇಲೆ ನಾನು ಓದಿಕೊಂಡದ್ದನ್ನೂ ಸೇರಿಸಿ ಹೇಳುತ್ತೇನೆ. ಹಲ್ಲಿನ ಮೇಲಿನ ಬಿಳಿ ಹೊದಿಕೆ, ಎನಾಮೆಲ್, ನಮ್ಮ ಮೈಯಲ್ಲಿರುವ ಅತಿ ಗಟ್ಟಿಯಾದ ವಸ್ತು. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ, ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್. ಅದರಲ್ಲಿ ಜೀವಕೋಶಗಳಿಲ್ಲ. ಹಾಗಾಗಿ ತೊಗಲಿನಂತೆ ಅದು ಮತ್ತೆ ಬೆಳೆಯುವುದಿಲ್ಲ. ನಾವು ಸಿಹಿ ತಿಂದಾಗ, ಸಕ್ಕರೆ ಹಾಕಿದ ಚಹಾ ಕುಡಿದಾಗ, ಹಲ್ಲಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಅದನ್ನು ತಿಂದು ಹುಳಿ ಬಿಡುತ್ತವೆ. ಹಲ್ಲಿನ ಮೇಲಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ಲಿನ ಖನಿಜ ಕರಗತೊಡಗುತ್ತದೆ. ಸ್ವಲ್ಪ ಹೊತ್ತಿಗೆ ಜೊಲ್ಲು ಬಂದು ಹುಳಿ ತಣಿಸಿ, ಕಳೆದ ಖನಿಜವನ್ನು ಮರಳಿ ತುಂಬುತ್ತದೆ. ದಿನಕ್ಕೆ ಎಷ್ಟೋ ಸಲ ಈ ಕೊಡು-ಕೊಳ್ಳು ನಡೆದಿರುತ್ತದೆ. ಆ ಹೊತ್ತಿನಲ್ಲಿ ಜೊಲ್ಲಿನಲ್ಲಿ ಚೂರು ಫ್ಲೋರೈಡ್ ಇದ್ದರೆ ಖನಿಜ ಬೇಗ ಮರಳುತ್ತದೆ. ಮರಳಿದ್ದು ಮೊದಲಿಗಿಂತ ಗಟ್ಟಿಯಾಗಿ ಕೂಡುತ್ತದೆ, ಮುಂದಿನ ಸಲ ಅಷ್ಟು ಸುಲಭವಾಗಿ ಕರಗುವುದಿಲ್ಲ. ಫ್ಲೋರೈಡಿನ ಮುಖ್ಯ ಕೆಲಸ ಹೊಟ್ಟೆಯಲ್ಲಿ ಅಲ್ಲ, ಹಲ್ಲಿನ ಮೇಲೆಯೇ. ಅದು ಅಲ್ಲಿ ಉಳಿದರೆ ಮಾತ್ರ ಕೆಲಸ. ಇಂಗ್ಲೆಂಡಿನ ಸರಕಾರಿ ದಂತಾರೋಗ್ಯ ಮಾರ್ಗಸೂಚಿ ಇದನ್ನು ಎರಡೇ ಮಾತಿನಲ್ಲಿ ಹೇಳುತ್ತದೆ: ಉಗುಳಿ, ಮುಕ್ಕಳಿಸಬೇಡಿ.

ನನಗೆ ಕೂಡಲೇ ಕಣ್ಣಿಗೆ ಕಟ್ಟಿದ್ದು ನಮ್ಮೂರ ಮಣ್ಣಿನ ಮಾಳಿಗೆ. ಮಿರಗದ ಮಳೆ ಕೂಡುವ ಮುಂಚೆ ಮಾಳಿಗೆಯ ಮೇಲೆ ಹಾಳಮಣ್ಣು ಹಾಕುತ್ತಿದ್ದೆವು. ಹಿಂದಿನ ವರ್ಷದ ಮಳೆ ಎಲ್ಲೆಲ್ಲಿ ಕೊರೆದಿದೆಯೋ ಅಲ್ಲಲ್ಲಿ ಬುಟ್ಟಿ ಬುಟ್ಟಿ ಸುರಿದು, ಕಾಲಲ್ಲಿ ಹರವಿ, ತುಳಿದು, ಕೂಡಲು ಬಿಡುವುದು. ಅಪ್ಪ ಎರಡು ದಿನ ಯಾರನ್ನೂ ಮಾಳಿಗೆ ಹತ್ತಿಸುತ್ತಿರಲಿಲ್ಲ. ಹೊಸ ಮಣ್ಣು ಕೂಡುವ ಮುಂಚೆ ಯಾರಾದರೂ ಕೊಡ ನೀರು ತಂದು ಅದರ ಮೇಲೆ ಸುರಿದಿದ್ದರೆ? ಪೇಸ್ಟಿಗೆ ಬಂದ ಮೇಲೆ ನಾನು ನಲವತ್ತು ವರ್ಷ ದಿನಾಲೂ ಅದನ್ನೇ ಮಾಡಿದ್ದೆ.

ಮನೆಗೆ ಬರುವಾಗ ಬಸ್ಸಿನಲ್ಲಿ ಇದೇ ಯೋಚನೆ. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಒಂದು ತಾಸಿನ ದಾರಿ. ಸ್ವಾಮಿ ಸಮರ್ಥರ ದರ್ಶನಕ್ಕೆ ಪುಣೆ, ಮುಂಬಯಿಯಿಂದ ಬಂದವರೇ ಬಸ್ಸಿನಲ್ಲಿ ಹೆಚ್ಚು. ಕಿಟಕಿಯಾಚೆ ತೊಗರಿ, ಕರಿ ಎರೆ, ನಡುನಡುವೆ ಕಬ್ಬು. ಎಲ್ಲಿ ತಪ್ಪಿದೆವು ಎಂದು ಕೇಳಿಕೊಳ್ಳುತ್ತಿದ್ದೆ. ಹೊಳೆದದ್ದು ಇಷ್ಟು: ಬೂದಿ, ಇದ್ದಿಲು, ಮಿಸರಿ ಇವೆಲ್ಲ ಬಾಯಲ್ಲಿ ಉಳಿಯಬಾರದ ವಸ್ತುಗಳು. ಹರಳು ಹರಳಾಗಿ ಸಂದಿಯಲ್ಲಿ ಕೂಡುತ್ತವೆ, ನಾಲಿಗೆ ಕಪ್ಪಾಗುತ್ತದೆ, ನುಂಗಿದರೆ ಹೊಟ್ಟೆ ಕೆಡುತ್ತದೆ. ಅದಕ್ಕೆ ಮೂರು ಸಲ, ಆರು ಸಲ ಮುಕ್ಕಳಿಸುವುದೇ ಸರಿ. ಅಜ್ಜಿ ಹೇಳಿದ್ದು ತಪ್ಪಲ್ಲ, ಅವಳ ಕಾಲಕ್ಕೆ ಅದೇ ಬುದ್ಧಿವಂತಿಕೆ. ಆಮೇಲೆ ಬೂದಿ ಹೋಗಿ ಪೇಸ್ಟ್ ಬಂತು. ವಸ್ತು ಬದಲಾಯಿತು, ವಿಧಿ ಬದಲಾಗಲಿಲ್ಲ. ಹಲ್ಲನ್ನು ತೊಳೆಯುವ ಸಾಮಾನು ಹೋಗಿ ಹಲ್ಲಿಗೆ ಹಚ್ಚುವ ಸಾಮಾನು ಬಂದಿದೆ ಎಂದು ನಮಗೆ ಯಾರೂ ಹೇಳಲಿಲ್ಲ. ಬೂದಿಯನ್ನು ಉಗುಳಿದ ಹಾಗೆಯೇ ಔಷಧವನ್ನೂ ತಂಬಿಗೆ ತುಂಬ ನೀರಿನಿಂದ ಬಚ್ಚಲಿಗೆ ಕಳಿಸಿದೆವು.

ಫ್ಲೋರೈಡ್ ಎಂಬ ಹೆಸರು ನಮ್ಮ ಮನೆಗೆ ಹೊಸದಲ್ಲ. ಆದರೆ ಅದು ಬಂದದ್ದು ಔಷಧದ ಹೆಸರಾಗಿ ಅಲ್ಲ.

ನನ್ನ ಕಾಕಾ ಗದಗಿನಲ್ಲಿ ಹತ್ತಿ ಗಿರಣಿಯ ಕೆಲಸಕ್ಕಿದ್ದರು. ಹೋಟಗಿಯಿಂದ ಗದಗಿಗೆ ಹೋಗುವ ಮೀಟರ್‌ಗೇಜ್ ಗಾಡಿಯಲ್ಲಿ ಹಬ್ಬಕ್ಕೊಮ್ಮೆ ಬರುತ್ತಿದ್ದರು. 1974ರಲ್ಲಿ ಅವರಿಗೆ ಮುಂಡರಗಿ ಕಡೆಯ ಹಳ್ಳಿಯ ಹುಡುಗಿಯನ್ನು ತಂದೆವು. ನನ್ನ ಚಿಗವ್ವ. ಚಂದದ ಮೂಗು, ದೊಡ್ಡ ಕಣ್ಣು, ಹಾಡಿನ ಗಂಟಲು. ಮನೆ ತುಂಬಿಸಿಕೊಂಡ ದಿನ ಅವಳು ನಕ್ಕಾಗ ಹೆಂಗಸರೆಲ್ಲ ಒಬ್ಬರ ಮಾರಿ ಒಬ್ಬರು ನೋಡಿಕೊಂಡರು. ಮುಂದಿನ ಹಲ್ಲುಗಳ ಮೇಲೆ ಅಡ್ಡಕ್ಕೆ ಕಂದು ಪಟ್ಟಿ, ಸುಣ್ಣದಂತೆ ಬಿಳಿ ಮಚ್ಚೆ. "ಹಲ್ಲ ತಿಕ್ಕೂ ರೂಢಿ ಇಲ್ಲೇನವಾ ನಿಮ್ಮೂರಾಗ?" ಎಂದು ಅಜ್ಜಿ ಎಲ್ಲರ ಮುಂದೆ ಕೇಳಿದಳು. ಮರುದಿನದಿಂದ ಇದ್ದಿಲು, ಆಮೇಲೆ ಇಟ್ಟಂಗಿ ಪುಡಿ. ಮುಂಜಾನೆ ಬಚ್ಚಲಲ್ಲಿ ಚಿಗವ್ವ ತಿಕ್ಕಿ ತಿಕ್ಕಿ ಉಗುಳಿದ ನೀರಿನಲ್ಲಿ ಕೆಂಪು ಎಳೆ ಇರುತ್ತಿತ್ತು. ನಾನು ಹತ್ತು ವರ್ಷದ ಹುಡುಗ, ಆ ಕೆಂಪು ಇಟ್ಟಂಗಿಯದೆಂದು ತಿಳಿದಿದ್ದೆ. ಕಲೆ ಹೋಗಲಿಲ್ಲ. ಹೋದದ್ದು ಅವಳ ನಗು. ಅವತ್ತಿನಿಂದ ನಗು ಬಂದರೆ ಮೊದಲು ಸೆರಗು ಬಾಯಿಗೆ ಹೋಗುತ್ತಿತ್ತು, ಆಮೇಲೆ ಕಣ್ಣು ನಗುತ್ತಿದ್ದವು.

ಮುಂಡರಗಿ, ಪಾವಗಡ ಮೊದಲಾದ ಕಡೆ ನೆಲದಡಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನೆಲದ ಕಲ್ಲಿನಿಂದ ಕರಗಿ ಬಂದದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆದೀತು ಎನ್ನುತ್ತದೆ ನಮ್ಮ ದೇಶದ ಮಾನಕ. ಅದಕ್ಕಿಂತ ಹೆಚ್ಚಿನ ನೀರನ್ನು ಚಿಕ್ಕಂದಿನಲ್ಲಿ, ದವಡೆಯೊಳಗೆ ಹಲ್ಲು ಇನ್ನೂ ರೂಪುಗೊಳ್ಳುವಾಗ ಕುಡಿದರೆ ಎನಾಮೆಲ್ ಸರಿಯಾಗಿ ಬಲಿಯುವುದಿಲ್ಲ. ಹಲ್ಲು ಹುಟ್ಟುವಾಗಲೇ ಕಲೆ ಹೊತ್ತು ಬರುತ್ತದೆ. ವರ್ಷಗಟ್ಟಲೆ ಕುಡಿದವರಿಗೆ ಎಲುಬು, ಕೀಲು ಬಿಗಿದು ನಡು ಬಾಗುತ್ತದೆ. ಮದ್ರಾಸ್ ಪ್ರಾಂತ್ಯದ ಹಳ್ಳಿಗಳಲ್ಲಿ ಈ ರೋಗವನ್ನು ವೈದ್ಯರು 1937ರಲ್ಲೇ ಗುರುತಿಸಿ ಬರೆದಿದ್ದರು. ಅದಾಗಿ 37 ವರ್ಷಕ್ಕೆ ನಮ್ಮ ಮನೆಯಲ್ಲಿ ಒಬ್ಬ ಹೆಣ್ಣುಮಗಳ ಹಲ್ಲಿಗೆ ಇಟ್ಟಂಗಿ ಪುಡಿ ತಿಕ್ಕಿಸಿದೆವು. ಇದು ನನಗೆ ಇವತ್ತಿಗೂ ನುಂಗಲಾರದ ತುತ್ತು.

ಇನ್ನೊಂದು ಸಂಗತಿ ಇದೆ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಬಂದ. ಅಲ್ಲೇ ಹುಟ್ಟಿ ಬೆಳೆದವರ ಹಲ್ಲಿನ ಮೇಲೆ ಚಿಗವ್ವನಂಥದೇ ಕಂದು ಕಲೆ. ಊರವರು ಏನೇನೋ ಕಾರಣ ಹೇಳಿದರು. ಮೆಕೇ ಬಿಡದೆ ಹಿಂದೆ ಬಿದ್ದ. ಹಾಗೆ ನೋಡುತ್ತ ಹೋದಾಗ ಆ ಕಲೆಯ ಹಲ್ಲುಗಳು ಹುಳುಕಾಗುವುದು ಬಲು ಕಡಿಮೆ ಎಂಬುದು ಗಮನಕ್ಕೆ ಬಂತು. ಕಾರಣ ನೀರಿನಲ್ಲಿದೆ ಎಂಬ ಗುಮಾನಿ ಬಂದರೂ ಆ ವಸ್ತು ಫ್ಲೋರೈಡ್ ಎಂದು ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ಪತ್ತೆ ಹಚ್ಚಿದ್ದು 1931ರಲ್ಲಿ. ಮೂವತ್ತು ವರ್ಷ ಹಿಡಿಯಿತು. ಇವತ್ತು ನಮ್ಮ ಪೇಸ್ಟಿನ ಟ್ಯೂಬಿನಲ್ಲಿ ಫ್ಲೋರೈಡ್ ಕೂತದ್ದು ಆ ಕಂದು ಹಲ್ಲಿನ ಜನರ ದೆಸೆಯಿಂದ. ಕಲೆಯ ಹಲ್ಲು ಹುಳುಕಾಗುವುದು ಕಡಿಮೆ ಎಂಬುದು ಚಿಗವ್ವನ ವಿಷಯದಲ್ಲೂ ನಿಜವಾಯಿತು. ಎಪ್ಪತ್ತು ದಾಟಿದ ಮೇಲೂ ಅವಳು ಸೊಲ್ಲಾಪುರದ ಖಡಕ್ ರೊಟ್ಟಿಯನ್ನು ಶೇಂಗಾ ಹಿಂಡಿಯ ಜೊತೆ ಕಟಕಟ ಕಡಿಯುತ್ತಾಳೆ. ಅವಳನ್ನು ಅಂದು ಆಡಿಕೊಂಡವರೆಲ್ಲ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದೇ ಹೋದರು.

ಎಷ್ಟು ಅಂದರೆ ಸಾಕು, ಎಷ್ಟು ಅಂದರೆ ಹೆಚ್ಚು? ಇಲ್ಲಿಯೇ ಮಕ್ಕಳ ಮಾತು ಬರುತ್ತದೆ. ನಮ್ಮ ದೇಶದ ನಿಯಮದ ಪ್ರಕಾರ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ. ಅಂದರೆ ಒಂದು ಗ್ರಾಂ ಪೇಸ್ಟಿನಲ್ಲಿ ಹೆಚ್ಚೆಂದರೆ ಒಂದು ಮಿಲಿಗ್ರಾಂ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಕೆಲವು ಗಿಡಮೂಲಿಕೆ ಪೇಸ್ಟುಗಳಲ್ಲಿ ಅದು ಇರುವುದೇ ಇಲ್ಲ, ನೋಡಿ ಕೊಳ್ಳಬೇಕು. ಜಾಹೀರಾತಿನಲ್ಲಿ ಬ್ರಷ್ಷಿನ ಈ ತುದಿಯಿಂದ ಆ ತುದಿಗೆ ಹಾವಿನಂತೆ ಸುರುಳಿ ಹಾಕಿ ತೋರಿಸುತ್ತಾರೆ. ಅಷ್ಟು ಬೇಕಾಗಿಲ್ಲ. ವೈದ್ಯೆ ಹೇಳಿದ ಅಳತೆ ನಮ್ಮ ಹೊಲದ್ದೇ: ಮೂರು ವರ್ಷದೊಳಗಿನ ಕೂಸಿಗೆ ಜೋಳದ ಕಾಳಿನಷ್ಟು, ಅದಕ್ಕಿಂತ ದೊಡ್ಡ ಮಕ್ಕಳಿಗೆ ತೊಗರಿ ಕಾಳಿನಷ್ಟು. ದುಧನಿಯ ತೊಗರಿ ಪೇಟೆ ನೋಡಿ ಬೆಳೆದ ನನಗೆ ಬೇರೆ ಅಳತೆಗೋಲು ಬೇಕಿಲ್ಲ. ಆರೇಳು ವರ್ಷದ ತನಕ ದೊಡ್ಡವರು ಪಕ್ಕದಲ್ಲಿ ನಿಂತು, ನುಂಗದೆ ಉಗುಳುವುದನ್ನು ಕಲಿಸಬೇಕು. ನಾವು ಗುಲಾಬಿ ಪುಡಿ ನುಂಗಿದ ಹಾಗೆ ಇದನ್ನು ನುಂಗುವಂತಿಲ್ಲ. ಚಿಗವ್ವನ ಹಲ್ಲಿನ ಮೇಲೆ ಕಲೆ ಬರೆದದ್ದು ನುಂಗಿದ ಫ್ಲೋರೈಡು. ನನ್ನ ಹಲ್ಲನ್ನು ಕಾಯಬೇಕಾದದ್ದು ಹಚ್ಚಿ ಉಗುಳಿದ ಫ್ಲೋರೈಡು.

ಮೊಮ್ಮಗನಿಗೆ ಈಗ ಐದು ವರ್ಷ. ಅವನಿಗೆ ಕಲಿಸುವುದು ನನ್ನ ಪಾಲಿಗೆ ಬಂದಿದೆ. ಕನ್ನಡಿಯ ಮುಂದೆ ಇಬ್ಬರೂ ನಿಲ್ಲುತ್ತೇವೆ. ತೊಗರಿ ಕಾಳಿನಷ್ಟು ಅವನಿಗೆ, ಅಷ್ಟೇ ನನಗೆ. ಮೆತ್ತನೆಯ ಬ್ರಷ್, ಸಣ್ಣ ಸಣ್ಣ ಸುತ್ತು, ಒಸಡಿನ ಅಂಚಿಗೆ ತಾಗುವಂತೆ. ಎರಡು ನಿಮಿಷ ದೊಡ್ಡದು, ಹಾಗಾಗಿ ನಾನು ಮನಸ್ಸಿನಲ್ಲೇ ಎಣಿಸುತ್ತೇನೆ, ಅವನು ಕನ್ನಡಿಯಲ್ಲಿ ನನ್ನ ಕಣ್ಣು ನೋಡಿ ಎಣಿಕೆ ಮುಗಿಯಿತೇ ಎಂದು ಊಹಿಸುತ್ತಾನೆ. ಆಮೇಲೆ ಇಬ್ಬರೂ ಉಗುಳುತ್ತೇವೆ. ಅವನಿಗೆ ಮುಕ್ಕಳಿಸಬೇಕೆಂದು ಅನಿಸುವುದೇ ಇಲ್ಲ. ಯಾರೂ ಕಲಿಸಿಲ್ಲವಲ್ಲ! ಬಾಯಿ ಒರೆಸಿಕೊಂಡು ಓಡಿಬಿಡುತ್ತಾನೆ.

ಓಡುವ ಅವನನ್ನು ನೋಡುತ್ತ ನನಗೆ 72ರ ಬರ ನೆನಪಾಗುತ್ತದೆ. ನನಗಾಗ ಎಂಟು ವರ್ಷ. ಊರ ಬಾವಿ ಬತ್ತಿತ್ತು. ಅವ್ವ ಸರಕಾರದ ಬರಗಾಲ ಕಾಮಗಾರಿಯಲ್ಲಿ ಖಡಿ ಒಡೆಯಲು ಹೋಗುತ್ತಿದ್ದಳು. ಹೋಗುವ ಮುಂಚೆ ಹಳ್ಳದಲ್ಲಿ ಒರತೆ ತೋಡಿ, ಬಟ್ಟಲಿನಿಂದ ಗೋರಿ, ಒಂದು ಕೊಡ ನೀರು ತರಲು ಎರಡು ತಾಸು. ಆ ವರ್ಷ ತಂಬಿಗೆ ಬಚ್ಚಲಿಗೆ ಬರಲಿಲ್ಲ. ಒಬ್ಬೊಬ್ಬರಿಗೆ ಒಂದು ವಾಟಗ. ಅದರಲ್ಲೇ ಒಂದು ಗುಟುಕು ಬಾಯಿಗೆ, ಉಳಿದದ್ದು ಮಾರಿಗೆ. ಮಾರಿ ತೊಳೆದ ನೀರೂ ಕೆಳಗಿಟ್ಟ ಬುಟ್ಟಿಯಲ್ಲಿ ಬಿದ್ದು ಬದನೆ ಗಿಡಕ್ಕೆ. "ಒಂದೇ ಗುಟುಕು ಸಾಕಪ್ಪಾ, ಬಾಯಿ ಹಸನಾಗ್ತದ" ಎನ್ನುವಾಗ ಅವ್ವನ ದನಿ ನಡುಗುತ್ತಿತ್ತು. ಮಕ್ಕಳಿಗೆ ಬಾಯಿ ತೊಳೆಯಲೂ ನೀರು ಕೊಡಲಾಗಲಿಲ್ಲ ಎಂಬ ಸಂಕಟ ಅದು. ಮುಂದೆ ಮಳೆ ಬಂತು, ಕೊಳವೆಬಾವಿ ಬಂತು, ನಳ ಬಂತು. ಅವ್ವ ಮೊದಲು ಮಾಡಿದ್ದು ಬಚ್ಚಲ ಕಲ್ಲಿನ ಮೇಲೆ ಮತ್ತೆ ತಂಬಿಗೆ ತುಂಬಿಟ್ಟದ್ದು. ಆ ಬಾಯಿತುಂಬ ನೀರು ನಮಗೆ ಬರೀ ನೀರಾಗಿರಲಿಲ್ಲ, ಬರ ಮುಗಿಯಿತೆಂಬ ಗುರುತಾಗಿತ್ತು. ನನ್ನ ಬಲಗೈ ತಂಬಿಗೆಯನ್ನು ಬಿಡದಿರುವುದಕ್ಕೆ ಕಾರಣ ಬರೀ ರೂಢಿ ಎಂದು ನಾನು ಒಪ್ಪಲಾರೆ.

ಸೊಲ್ಲಾಪುರ ಶಹರದಲ್ಲಿ ವರ್ಷಗಟ್ಟಲೆ ನಳಕ್ಕೆ ದಿನಾ ನೀರು ಬಂದಿಲ್ಲ. ನೂರು ಕಿಲೋಮೀಟರಿಗೂ ದೂರದ ಉಜನಿ ಧರಣದಿಂದ ಭೀಮೆಯ ನೀರು ಬರಬೇಕು. ಕೆಲವು ದಿನಕ್ಕೊಮ್ಮೆ ಬರುವ ನೀರಿಗೆಂದು ಮನೆಮನೆಯಲ್ಲಿ ಪಿಂಪುಗಳು ತುಂಬಿ ನಿಂತಿರುತ್ತವೆ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಇಲ್ಲಿ ಕೆರೆ ಕಟ್ಟಿಸಿದ್ದು ಸುಮ್ಮನೆ ಅಲ್ಲ. ಈ ಊರಿಗೆ ನೀರಿನ ಬೆಲೆ ಯಾವತ್ತೂ ಗೊತ್ತು. ಆ ಕೆರೆಯ ನಡುವಿನ ಗುಡಿಯ ಗಡ್ಡಾ ಜಾತ್ರೆಗೆ ನಾವು ಪ್ರತಿ ಸಂಕ್ರಾಂತಿಗೆ ಹೋಗುತ್ತೇವೆ. ಈ ಸಲ ಚಿಗವ್ವನನ್ನೂ ಕರೆದುಕೊಂಡು ಹೋಗಿದ್ದೆವು. 68 ಲಿಂಗಗಳ ದರ್ಶನಕ್ಕೆ ಹೊರಟ ನಂದಿಕೋಲುಗಳು, ಬಿಳಿ ಬಾರಾಬಂದಿ ತೊಟ್ಟ ಭಕ್ತರು, ಸಮ್ಮತಿ ಕಟ್ಟೆಯ ಹತ್ತಿರ ಕಾಲಿಡಲು ಜಾಗವಿಲ್ಲದ ಗದ್ದಲ. ಎಲ್ಲ ಮುಗಿಸಿ ಮನೆಗೆ ಬಂದು, ಶೇಂಗಾ ಹೋಳಿಗೆ ಉಂಡು, ಕುಸರೆಳ್ಳು ಹಂಚಿಕೊಂಡು ಕೂತೆವು. ಕುಸರೆಳ್ಳಿನ ಸಕ್ಕರೆ ದವಡೆಯ ಸಂದಿಯಲ್ಲಿ ಕೂತು ಎಷ್ಟು ಹೊತ್ತಾದರೂ ಸಿಹಿ ಬಿಡುತ್ತಲೇ ಇತ್ತು.

ಅವತ್ತು ನಾನು ಧೈರ್ಯ ಮಾಡಿ ಚಿಗವ್ವನಿಗೆ ಹೇಳಿದೆ. ಮುಂಡರಗಿಯ ನೀರಿನ ಗುಣ, ಕಲೆಯ ಕಾರಣ, ತಿಕ್ಕಿದರೆ ಹೋಗುವಂಥದಲ್ಲ ಎಂಬುದು, ಎಲ್ಲ. "ನಿನ್ನ ತಪ್ಪು ಏನೂ ಇರಲಿಲ್ಲ ಚಿಗವ್ವಾ. ತಪ್ಪು ನಮ್ಮ ಮನೀದು."

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಕೈಯಲ್ಲಿನ ಕುಸರೆಳ್ಳನ್ನು ಒಂದೊಂದೇ ಎಣಿಸಿದಳು.

"ಈಗ ಹೇಳಿದ್ರ ಏನ್ ಮಾಡ್ಲೆಪ್ಪಾ. ನಗೂ ದಿನ ಎಲ್ಲಾ ಹೋದ್ವು" ಎಂದಳು. ಅಷ್ಟರಲ್ಲಿ ಮೊಮ್ಮಗ ನಂದಿಕೋಲು ಹೊತ್ತವರಂತೆ ಜೋಳದ ದಂಟು ಹೊತ್ತು ತೂರಾಡುತ್ತ ಬಂದ. ಅವಳಿಗೆ ನಗು ಬಂತು. ಸೆರಗು ಬಾಯಿಗೆ ಹೋಯಿತು. ನನ್ನ ಕೈ ತಂಬಿಗೆಗೆ ಹೋಗುವ ಹಾಗೆಯೇ ಹೋಯಿತು.

ಮಲಗುವ ಮುಂಚೆ ಎಲ್ಲರೂ ಬಚ್ಚಲಿಗೆ ಹೋದೆವು. ನಮ್ಮ ಮನೆಗಳಲ್ಲಿ ಮುಂಜಾನೆ ಹಲ್ಲುಜ್ಜುವುದಕ್ಕೆ ಎಲ್ಲಿಲ್ಲದ ಕಟ್ಟುನಿಟ್ಟು, ರಾತ್ರಿಗೆ ಯಾವ ನೇಮವೂ ಇಲ್ಲ. ನಿದ್ದೆಯಲ್ಲಿ ಜೊಲ್ಲು ಊರುವುದು ಬಲು ಕಡಿಮೆ. ಸಂದಿಯಲ್ಲಿ ಕೂತ ಸಕ್ಕರೆಯಿಂದ ಆದ ಹುಳಿಯನ್ನು ತಣಿಸುವವರು ಯಾರೂ ಇರುವುದಿಲ್ಲ. ಹಲ್ಲಿಗೆ ಕಾವಲು ಬೇಕಾದದ್ದೇ ಆಗ. ರಾತ್ರಿ ಉಜ್ಜಿ ಮಲಗಿದರೆ ಫ್ಲೋರೈಡ್ ಬಹಳ ಹೊತ್ತು ಬಾಯಲ್ಲಿ ಉಳಿಯುತ್ತದೆ, ಯಾವ ಚಹಾ, ಯಾವ ಊಟವೂ ಅದನ್ನು ಒಯ್ಯುವುದಿಲ್ಲ. ಎರಡು ಹೊತ್ತಿನಲ್ಲಿ ಒಂದನ್ನೇ ಆರಿಸು ಎಂದರೆ ನಾನು ರಾತ್ರಿಯನ್ನೇ ಆರಿಸುತ್ತೇನೆ.

ಇದನ್ನು ಓದಿದವರಲ್ಲಿ ನನ್ನದೊಂದು ಬೇಡಿಕೆ. ಇವತ್ತು ರಾತ್ರಿ ಉಂಡ ಮೇಲೆ, ದೀಪ ಆರಿಸುವ ಮುಂಚೆ, ತೊಗರಿ ಕಾಳಿನಷ್ಟು ಪೇಸ್ಟ್ ಹಾಕಿಕೊಂಡು ನಿಧಾನವಾಗಿ ಹಲ್ಲುಜ್ಜಿ. ಉಗುಳಿ. ತಂಬಿಗೆಯನ್ನು ಅಲ್ಲೇ ಬಿಟ್ಟು ಬನ್ನಿ.